ಕೊಟ್ರೇಶಣ್ಣನ ದನಿಯಲ್ಲಿ ನಾನು ಸತ್ತ ಭಾನುವಾರ

ಒಂದೇ ಭಾನುವಾರ, ಐದು ನಿಮಿಷದ ಅಂತರದಲ್ಲಿ ನಾನು ಎರಡು ಸಲ ಸತ್ತೆ.

ಮೊದಲ ಸಲ ನನ್ನ ಸ್ವಂತ ದನಿಯಲ್ಲಿ. ಎರಡನೇ ಸಲ ಕೊಟ್ರೇಶಣ್ಣನ ದನಿಯಲ್ಲಿ.

ಮೊದಲನೇ ಸಾವಿಗೆ ಬಿಸಿ ಮಿರ್ಚಿ ಬಜ್ಜಿ ಸಿಕ್ಕಿತು. ಎರಡನೆಯದಕ್ಕೆ ಸಿಕ್ಕಿದ್ದು ಇನ್ನೂ ಜೀರ್ಣವಾಗಿಲ್ಲ. ಗಾಬರಿ ಬೇಡ, ಇದನ್ನು ಬರೆಯುತ್ತಿರುವುದು ನಾನೇ, ಗಟ್ಟಿಮುಟ್ಟಾಗಿದ್ದೇನೆ. (‘ಅಯ್ಯೋ, ಇನ್ನೂ ಇದಾನಾ’ ಎಂದು ಬೇಜಾರು ಮಾಡಿಕೊಂಡವರ ಪಟ್ಟಿ ನನ್ನ ಹತ್ತಿರ ಇದೆ. ಮುಂದಿನ ಮದುವೆ ಸೀಸನ್ನಿನಲ್ಲಿ ಸ್ಟೇಜ್ ಮೇಲೆ ನಿಮ್ಮ ದನಿಯನ್ನೇ ತೆಗೆಯುತ್ತೇನೆ.)

ವಿಷಯಕ್ಕೆ ಬರುತ್ತೇನೆ. ಕೂಡ್ಲಿಗಿಯ ಓದುಗರೊಬ್ಬರು ಮೊನ್ನೆ ಮೆಸೇಜ್ ಹಾಕಿದ್ದರು. ‘ನಿಮ್ಮ ಆ ಬಂದೂಕಿನ ಆಟ ಈಗ ಕಡಿಮಿ ಆಗೈತಂತ, ಹೌದೇನ್ರಿ? ಯಾಕ?’

ಒಳ್ಳೆಯ ಪ್ರಶ್ನೆ. ಆದರೆ ಇದಕ್ಕೆ ನಾನು ಒಂದು ಸಲ ಉತ್ತರ ಕೊಟ್ಟಾಗಿದೆ. ಇದೇ ಜಾಗದಲ್ಲಿ, ಮೂರು ವಾರದ ಹಿಂದೆ. ಬಹಳ ಧೈರ್ಯವಾಗಿ, ಬಹಳ ಚೆನ್ನಾಗಿ, ಬಹಳ ತಪ್ಪಾಗಿ.

ಹೊಸಬರಿಗೆ ಆಟದ ಪರಿಚಯ ಮಾಡಿಕೊಡಬೇಕು. ಹೆಸರು ಏರ್‌ಸಾಫ್ಟ್. ನೋಡಲು ಮಿಲಿಟರಿ ಬಂದೂಕು, ಎತ್ತಿಕೊಂಡರೆ ಆಟಿಕೆ. ಒಳಗೆ ಒಂದು ಬ್ಯಾಟರಿ, ಒಂದು ಚಿಕ್ಕ ಮೋಟರು. ಬಟಾಣಿಗಿಂತ ಚಿಕ್ಕದಾದ, ಜೋಳಕ್ಕಿಂತ ದೊಡ್ಡದಾದ ಪ್ಲಾಸ್ಟಿಕ್ ಗುಂಡನ್ನು ಗಾಳಿಯ ಒತ್ತಡದಲ್ಲಿ ತಳ್ಳುತ್ತದೆ. ಬಡಿದರೆ ಇರುವೆ ಕಚ್ಚಿದಂತೆ ಚುರುಕ್ ಅನ್ನುತ್ತದೆ, ಅಷ್ಟೇ. ಮೂತಿಗೆ ಕೇಸರಿ ಬಣ್ಣ ಬಳಿದಿರುತ್ತೇವೆ, ದಾರಿಯಲ್ಲಿ ಹೋಗುವವರು ಹೆದರಬಾರದೆಂದು. (ಯಾರೂ ಹೆದರುವುದಿಲ್ಲ. ಮೊದಲ ದಿನ ಒಬ್ಬ ಹಿರಿಯರು ಸೈಕಲ್ ನಿಲ್ಲಿಸಿ ಕೇಳಿದ್ದು: ‘ಯಾವ ಪಿಚ್ಚರ್ ಶೂಟಿಂಗ್ರಪಾ? ಹೀರೋಯಿನ್ ಯಾರು?’)

ಎರಡು ತಂಡ. ಎರಡು ಬಾವುಟ. ಅಡಗಿಕೊಳ್ಳುವುದು, ಹೊಡೆಯುವುದು, ಎದುರಿನವರ ಬಾವುಟ ಕಿತ್ತು ತರುವುದು. ಚಿಕ್ಕವರಿದ್ದಾಗ ಕೈಯಿಂದ ‘ಡಿಶುಂ’ ಅನ್ನುತ್ತಿದ್ದೆವಲ್ಲ, ಅದೇ ಆಟ ಸಂಬಳ ಬಂದ ಮೇಲೆ.

ಆಡುವವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರಿನ ಮಂದಿ. ಭಾನುವಾರ ಬೆಳಿಗ್ಗೆ ಸೇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಬಸ್ಸು ಸಿಗುತ್ತವೆ, ರೈಲೂ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಊರ ಹೊರಗೆ ಬಾಗಿಲು ಮುಚ್ಚಿದ ಒಂದು ಶೇಂಗಾ ಮಿಲ್ಲು ಇದೆ. ಮುರಿದ ಗೋಡೆಗಳು, ತುಕ್ಕು ಹಿಡಿದ ಡ್ರಮ್ಮುಗಳ ಸಾಲು, ಹಳೇ ಬಾಯ್ಲರ್ ಕೋಣೆ, ಶೇಂಗಾ ಒಣಗಿಸುತ್ತಿದ್ದ ದೊಡ್ಡ ಕಣ. ಯುದ್ಧಕ್ಕೆ ಇದಕ್ಕಿಂತ ಚೆಂದದ ಜಾಗ ಎಲ್ಲಿದೆ?

ಮಿಲ್ಲು ಕಾಯುವವರು ಹುಲಿಗೆವ್ವ. ವಯಸ್ಸು ಕೇಳಿದರೆ ‘ಮಿಲ್ಲಿಗಿಂತ ಹೆಚ್ಚು’ ಅನ್ನುತ್ತಾರೆ. ನಾವು ಬಂದ ಮೊದಲ ವಾರವೇ ಜಗಳ ತೆಗೆದಿದ್ದರು. ‘ಈ ಬಿಳೇ ಕಾಳು ನನ್ನ ಕೋಳಿ ತಿಂದ್ರ, ತತ್ತಿ ಬದ್ಲಿ ಗುಂಡು ಇಡ್ತಾವೇನ್ಲೇ?’ ಅಂದಿನಿಂದ ಆಟ ಮುಗಿದ ಮೇಲೆ ಗುಡಿಸುವ ಕೆಲಸ ಸೋತ ತಂಡದ್ದು, ಮಿರ್ಚಿ ಕರಿಯುವ ಕೆಲಸ ಹುಲಿಗೆವ್ವನದ್ದು.

ಈಗ ಅಸಲಿ ಮಾತು. ದಯವಿಟ್ಟು ಗಮನವಿಟ್ಟು ಓದಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಬಣ್ಣದ ಗುಂಡು ಹೊಡೆಯುವ ಇನ್ನೊಂದು ಆಟ ಇದೆಯಲ್ಲ, ಪೇಂಟ್‌ಬಾಲ್, ಅದರಲ್ಲಿ ಬಡಿಸಿಕೊಂಡವನ ಅಂಗಿಯ ಮೇಲೆ ಸಾಕ್ಷಿ ಬೀಳುತ್ತದೆ. ನಮ್ಮ ಆಟದಲ್ಲಿ ಸಾಕ್ಷಿ ಇಲ್ಲ. ಪ್ಲಾಸ್ಟಿಕ್ ಗುಂಡು ಬಡಿದು ಕೆಳಗೆ ಬೀಳುತ್ತದೆ, ಮುಗಿಯಿತು. ಬಡಿಯಿತೋ ಇಲ್ಲವೋ ಗೊತ್ತಿರುವುದು ಬಡಿಸಿಕೊಂಡವನಿಗೆ ಮಾತ್ರ. ಅವನೇ ‘ಬಡೀತು!’ ಎಂದು ಕೂಗಿ, ಕೈ ಮೇಲೆತ್ತಿ, ಗೇಟಿನ ಹೊರಗಿರುವ ಬೇವಿನ ಮರದ ಕಟ್ಟೆಗೆ ಹೋಗಿ ಕೂರಬೇಕು. ಸತ್ತವನು ಆಟ ಮುಗಿಯುವ ತನಕ ಒಂದು ಮಾತೂ ಆಡುವಂತಿಲ್ಲ. ಅಂಪೈರ್ ಇಲ್ಲ, ಕ್ಯಾಮೆರಾ ಇಲ್ಲ, ಥರ್ಡ್ ಅಂಪೈರ್ ಮೊದಲೇ ಇಲ್ಲ.

ಇಡೀ ಆಟ ನಿಂತಿರುವುದು ಒಬ್ಬ ಮನುಷ್ಯ ತನ್ನ ಸೋಲನ್ನು ತಾನೇ ಕೂಗಿ ಹೇಳುತ್ತಾನೆ ಅನ್ನೋ ನಂಬಿಕೆ ಮೇಲೆ. ನಮ್ಮ ಕಡೆ ಇದು ನಡೆಯುತ್ತಾ? ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ಜನ ನಾವು!

ನಡೆಯಿತು. ಎರಡು ವರ್ಷ ಚೆನ್ನಾಗಿ ನಡೆಯಿತು. ಅದಕ್ಕೆ ಎರಡು ಕಾರಣ. ಒಂದು, ಮೊದಲು ಸತ್ತವರಿಗೆ ಬಾಣಲೆಯ ಮೊದಲ ಒಬ್ಬೆಯ ಬಿಸಿ ಮಿರ್ಚಿ ಅನ್ನೋ ಹುಲಿಗೆವ್ವನ ಕಾನೂನು. (ವಾಸನೆ ಬಂದ ಕೂಡಲೇ ಗುಂಡು ಬಡಿಯದಿದ್ದರೂ ಸತ್ತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕನ್ನಡಿಯಲ್ಲಿ.) ಎರಡನೇ ಕಾರಣ, ಕೊಟ್ರೇಶಣ್ಣ.

ಕೊಟ್ರೇಶಣ್ಣ ಕೊಟ್ಟೂರಿನವರು. ಹಗರಿಬೊಮ್ಮನಹಳ್ಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಬೋರ್‌ವೆಲ್ ಪಂಪಿನ ಸುಟ್ಟ ಮೋಟರು ಬಿಚ್ಚಿ ತಾಮ್ರದ ತಂತಿ ಸುತ್ತುವ ಕೈಯೇ ನಮ್ಮ ಆಟಿಕೆ ಬಂದೂಕಿನ ಬೆರಳಷ್ಟು ಮೋಟರನ್ನೂ ರಿಪೇರಿ ಮಾಡುತ್ತದೆ. ಈ ಆಟವನ್ನು ಐದೂರಿಗೆ ತಂದವರೇ ಅವರು. ಅವರ ಸಾವಿನ ಕೂಗು ಐದು ತಾಲೂಕಿಗೆ ಫೇಮಸ್ಸು. ನಾವೆಲ್ಲ ‘ಬಡೀತು’ ಎಂದು ಕಿರುಚಿದರೆ, ಅವರು ಮೊದಲು ಗಂಟಲು ಕೆರೆದುಕೊಂಡು, ಎಮ್ಮೆ ಹೊಳೆ ದಾಟುವಷ್ಟು ನಿಧಾನಕ್ಕೆ, ‘ಹ್ಞೂಂ... ಬಡೀ...ತ್ರೀ’ ಅನ್ನುತ್ತಾರೆ. ಸಾಯುವಾಗಲೂ ಹೊಡೆದವರಿಗೆ ‘ರೀ’ ಹಾಕುವ ಮನುಷ್ಯ! ಬೂಟಿನ ಲೇಸಿಗೆ ಗುಂಡು ತಾಗಿದರೂ ಕೂಗುತ್ತಿದ್ದರು. ಒಮ್ಮೆ ‘ನಂಗ ಅನುಮಾನ ಐತ್ರಿ, ಆದ್ರ ಇರ್ಲಿ, ಬಡೀತ್ರೀ’ ಎಂದು ಅನುಮಾನಕ್ಕೇ ಸತ್ತಿದ್ದರು.

ಅಂಥವರ ಎದುರು ಸುಳ್ಳಾಡಲು ಯಾರಿಗೆ ಮುಖ ಬರುತ್ತದೆ ಹೇಳಿ?

ಇನ್ನು ನಾನು. ಪರಶುರಾಮ, ಐದೂರಿಗೂ ಪರಸ್ಯಾ. ವಾರಕ್ಕೊಮ್ಮೆ ಇಲ್ಲಿ ಬರೆಯುತ್ತೇನೆ, ಉಳಿದ ದಿನ ಬೇರೆಯವರ ದನಿ ತೆಗೆಯುತ್ತೇನೆ, ಅಂದರೆ ಮಿಮಿಕ್ರಿ. ಮದುವೆಯಲ್ಲಿ, ಕಾಲೇಜ್ ಡೇಯಲ್ಲಿ, ಕರೆದರೆ ನಾಮಕರಣದಲ್ಲೂ. ಹಡಗಲಿ ಬಸ್ಸಿನ ಕಂಡಕ್ಟರ್, ಹರಪನಹಳ್ಳಿ ಹೋಟೆಲಿನ ಸಪ್ಲೈಯರ್, ನಮ್ಮ ಸೋದರತ್ತೆ ಫೋನಿನಲ್ಲಿ ಜ್ವರ ವರ್ಣಿಸುವ ರೀತಿ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಹಾಗಾಗಿ ತಂಡ ಕಟ್ಟಿದ ದಿನವೇ ನಮ್ಮ ನಾಯಕರು, ಹರಪನಹಳ್ಳಿಯ ಪಿ.ಟಿ. ಮೇಷ್ಟ್ರು ರಫೀಕ್ ಸಾಹೇಬರು, ಸೀಟಿ ಊದಿ ಒಂದು ಸ್ಪೆಷಲ್ ರೂಲ್ ಹೊರಡಿಸಿದ್ದರು:

‘ಏ ಪರಸಪ್ಪಾ, ಆಟದಾಗ ಯಾರ ದನಿನೂ ತೆಗಿಯಂಗಿಲ್ಲ. ತೆಗದಿ ಅಂದ್ರ ಗ್ರೌಂಡ್ ಸುತ್ತ ಕಪ್ಪಿ ಹಾಂಗ ಕುಪ್ಪಳಿಸ್ಬೇಕು.’

‘ಆತ್ರೀ ಸರ್’ ಎಂದಿದ್ದೆ. (ಅವರ ದನಿಯಲ್ಲೇ. ಅದು ಆಟಕ್ಕೆ ಮುಂಚೆ, ಲೆಕ್ಕಕ್ಕಿಲ್ಲ.)

ಎರಡು ವರ್ಷ ಮಾತು ಉಳಿಸಿಕೊಂಡೆ. ಆ ಭಾನುವಾರದ ತನಕ.

ಆ ದಿನ ನಾನು ರಫೀಕ್ ಮೇಷ್ಟ್ರ ತಂಡ. ಎದುರಿಗೆ ಕೊಟ್ರೇಶಣ್ಣ ಮತ್ತು ರೇಣುಕಾ. ರೇಣುಕಾ ಹಡಗಲಿಯಲ್ಲಿ ನರ್ಸು. ಇಂಜೆಕ್ಷನ್ ಕೊಡುವ ಕೈ, ಗುರಿ ತಪ್ಪುವುದು ಅಪರೂಪ. ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಬಾಯ್ಲರ್ ಕೋಣೆಯ ಕಿಟಕಿಯಿಂದ ಕೊಟ್ರೇಶಣ್ಣ ನನಗೆ ನೇರ ಕುತ್ತಿಗೆಗೆ ಹೊಡೆದರು. ಚುರುಕ್!

‘ಬಡೀತು!’ ಎಂದೆ. ಕೈ ಎತ್ತಿದೆ. ಇದು ಮೊದಲನೇ ಸಾವು. ಪ್ರಾಮಾಣಿಕ ಸಾವು.

ಗೇಟಿನ ಕಡೆ ನಡೆಯುವಾಗ ತಲೆಯಲ್ಲಿ ಹುಳ ಹೊಕ್ಕಿತು. ಒಂದು ವಾರ ಕಾದು, ಮಿಲಿಟರಿ ಡಿಸೈನಿನ ಹೊಸ ಕ್ಯಾಮೊ ಪ್ಯಾಂಟು ಹಾಕಿಕೊಂಡು ಬಂದವನು ಹತ್ತು ನಿಮಿಷಕ್ಕೆ ಸತ್ತರೆ ಪ್ಯಾಂಟಿಗಾದರೂ ಮರ್ಯಾದೆ ಬೇಡವೇ? ಡ್ರಮ್ಮುಗಳ ಸಾಲಿನ ಹಿಂದೆ ಬಂದಾಗ ಯಾರಿಗೂ ನಾನು ಕಾಣುತ್ತಿರಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದೆ. ಗಂಟಲು ಕೆರೆದೆ. ಎಮ್ಮೆಯನ್ನು ಹೊಳೆ ದಾಟಿಸಿದೆ.

‘ಹ್ಞೂಂ... ಬಡೀ...ತ್ರೀ!’

ಏನು ಬಂತು ಗೊತ್ತಾ ದನಿ! ಇಪ್ಪತ್ತು ಸ್ಟೇಜ್ ಶೋದಲ್ಲಿ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಚಪ್ಪಾಳೆ ಇರಲಿಲ್ಲ ಅನ್ನೋದೊಂದೇ ಬೇಜಾರು.

ಕೊಟ್ರೇಶಣ್ಣ ಸತ್ತರು ಎಂದುಕೊಂಡ ರೇಣುಕಾ, ಖಾಲಿಯಾದ ಬಾಯ್ಲರ್ ಕಡೆಯ ಕಾವಲಿಗೆ ತಮ್ಮ ಜಾಗ ಬಿಟ್ಟು ಓಡಿದರು. ಬಯಲಿಗೆ ಬಂದ ಕೂಡಲೇ ರಫೀಕ್ ಮೇಷ್ಟ್ರು ಹೊಡೆದರು. ರೇಣುಕಾ ಕೈ ಎತ್ತಿ ಬೇವಿನ ಕಟ್ಟೆಗೆ ಬಂದು ಕೂತರು. ನಾನಾಗಲೇ ಅಲ್ಲಿ ಮಿರ್ಚಿ ಊದಿಕೊಂಡು ತಿನ್ನುತ್ತಿದ್ದೆ. ಕಟ್ಟೆಯ ಮೇಲೆ ಕಣ್ಣಾಡಿಸಿದರು. ಸತ್ತ ಕೊಟ್ರೇಶಣ್ಣ ಇಲ್ಲ! ಸತ್ತವರು ಮಾತಾಡುವಂತಿಲ್ಲವಲ್ಲ, ಹುಬ್ಬಿನಲ್ಲೇ ನನ್ನನ್ನು ಕೇಳಿದರು. ನಾನು ಹೆಗಲು ಹಾರಿಸಿದೆ.

ಅಷ್ಟರಲ್ಲಿ, ದಪ್ಪ ಗೋಡೆಗಳ ನಡುವೆ ಆ ಕೂಗು ಕೇಳಿಸದಿದ್ದ ಕೊಟ್ರೇಶಣ್ಣ ಬಾಯ್ಲರ್ ಕೋಣೆಯಿಂದ ಹೊರಬಿದ್ದು, ನಮ್ಮ ತಂಡದ ಮೂವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಹೊಡೆದು, ಬಾವುಟ ಕಿತ್ತುಕೊಂಡು, ಮದುಮಗನ ಹಾಗೆ ನಗುತ್ತಾ ಗೇಟಿಗೆ ಬಂದರು.

ಯಾರೂ ನಗಲಿಲ್ಲ.

ನನ್ನ ಲೆಕ್ಕಾಚಾರ ಹೀಗಿತ್ತು: ಎಲ್ಲರೂ ಕಟ್ಟೆಗೆ ಬಂದ ಮೇಲೆ ಇನ್ನೊಮ್ಮೆ ಆ ದನಿ ತೆಗೆಯುವುದು, ಎಲ್ಲರೂ ಬಿದ್ದು ಬಿದ್ದು ನಗುವುದು, ನಾನು ಕಪ್ಪೆಯಂತೆ ಎರಡು ಸುತ್ತು ಕುಪ್ಪಳಿಸುವುದು, ಮುಗಿಯಿತು. ಆದರೆ ರಫೀಕ್ ಮೇಷ್ಟ್ರ ಮುಖ ಪರೀಕ್ಷೆಯಲ್ಲಿ ಕಾಪಿ ಚೀಟಿ ಹಿಡಿದವರ ಮುಖದಂತಿತ್ತು.

‘ಕೊಟ್ರೇಶಪ್ಪ, ಬಡೀತ್ರೀ ಅಂತ ಕೂಗಿದ ಮ್ಯಾಲೂ ಆಡಿದ್ರಲ್ಲ?’

‘ನಾನಾ? ನಾ ಎಲ್ಲಿ ಕೂಗೀನ್ರೀ ಸರ್?’

‘ಹನ್ನೊಂದು ಮಂದಿ ಕೇಳೀವಿ.’

ಕೊಟ್ರೇಶಣ್ಣ ತಮ್ಮ ತಂಡದವರೇ ಆದ ರೇಣುಕಾ ಕಡೆ ನೋಡಿದರು. ನೀನಾದರೂ ಹೇಳವ್ವಾ ಅನ್ನುವಂತೆ.

‘ಅಣ್ಣಾ, ನಿಮ್ಮ ದನಿ ನಂಗ ಗೊತ್ತಿಲ್ಲೇನು? ನೀವು ಸತ್ರಿ ಅಂತನ ನಾ ಓಡಿ ಬಂದದ್ದು. ಮರ್ತು ಆಡಿದ್ರಿ ಅಂದ್ರ ಮರ್ತೆ ಅನ್ರಿ. ಸುಳ್ಳ್ಯಾಕ ಹೇಳ್ತೀರಿ?’

ಸುಳ್ಳು. ಆ ಮಾತು ಆ ಕಟ್ಟೆಯ ಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಬಿತ್ತು.

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆ? ಬಾಯಿ ತುಂಬ ಮಿರ್ಚಿ ಇತ್ತು. ಇಲ್ಲ, ಇದು ಜೋಕು. ಹೆದರಿಕೆಯಾಯಿತು. ತಮಾಷೆಗೂ ಹಾಲಿನ ಹಾಗೆ ಒಂದು ಹೊತ್ತು ಇರುತ್ತದೆ, ಅದು ದಾಟಿದರೆ ಒಡೆಯುತ್ತದೆ ಅನ್ನೋದು ನನಗೆ ಗೊತ್ತಿರಬೇಕಿತ್ತು. ಹೊಟ್ಟೆಪಾಡೇ ಅದಲ್ಲವೇ? ನನ್ನನ್ನು ಯಾರೂ ಅನುಮಾನಿಸಲೂ ಇಲ್ಲ. ನಾನು ಆಗಲೇ ಸತ್ತವನು! ಸತ್ತವರು ಮಾತಾಡುವುದಿಲ್ಲ ಅನ್ನೋ ರೂಲ್ ಮೇಲೆ ಆ ಜನಕ್ಕೆ ಅಷ್ಟು ನಂಬಿಕೆ.

ಕೊಟ್ರೇಶಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು. ಬಂದೂಕನ್ನು ಅದರ ಗೋಣಿಚೀಲಕ್ಕೆ ಹಾಕಿದರು. ಹುಲಿಗೆವ್ವ ‘ಮಿರ್ಚಿ ತಿಂದು ಹೋಗಪಾ’ ಎಂದರೆ ‘ಹಸಿವಿಲ್ಲಬೇ’ ಎಂದು ಬೈಕ್ ಹತ್ತಿದರು. ಮಂಡಕ್ಕಿ-ಮಿರ್ಚಿಗೇ ಹೆಸರಾದ ಕೊಟ್ಟೂರಿನ ಮನುಷ್ಯ ಮಿರ್ಚಿ ಬೇಡ ಅಂದ ಅಂದರೆ ಪರಿಸ್ಥಿತಿ ಎಷ್ಟು ಸೀರಿಯಸ್ಸು ನೀವೇ ಊಹಿಸಿಕೊಳ್ಳಿ.

ಮುಂದಿನ ಭಾನುವಾರ ಅವರು ಬರಲಿಲ್ಲ. ನಾವು ಆಡಿದೆವು. ಆದರೆ ವಿಚಿತ್ರ ನೋಡಿ, ಆ ದಿನ ಯಾರೂ ಸಾಯಲೇ ಇಲ್ಲ. ಗುಂಡು ಬಡಿದ ಟಪ್ ಶಬ್ದ ಕೇಳುತ್ತದೆ, ಕೂಗು ಕೇಳುವುದಿಲ್ಲ. ಹೊಟ್ಟೆಗೆ ಹೊಡೆದರೆ ‘ಚೀಲಕ್ಕ ತಾಗ್ತು’ ಅಂತಾರೆ. ಬೆನ್ನಿಗೆ ಹೊಡೆದರೆ ‘ಗ್ವಾಡಿಗಿ ಬಡಿದು ಬಂತು’ ಅಂತಾರೆ. ಕೂಡ್ಲಿಗಿಯ ಒಬ್ಬ ಮಹಾಶಯನಂತೂ ‘ಕೊಟ್ರೇಶಣ್ಣನೇ ಕೂಗಿ ಆಡ್ತಾನಂದ್ರ, ನಾನ್ಯಾಕ ಸಾಯ್ಲಿ?’ ಎಂದು ನೇರವಾಗಿ ಕೇಳಿಬಿಟ್ಟ. ಹನ್ನೆರಡು ಗಂಟೆಯ ಬಿಸಿಲಿಗೆ ಇಪ್ಪತ್ತು ಅಮರರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ನಿಂತಿದ್ದರು. ಹುಲಿಗೆವ್ವನ ಮಿರ್ಚಿ ತಣ್ಣಗಾಗಿ ಚರ್ಮದ ಚಪ್ಪಲಿಯಾಯಿತು.

ಅದರ ಮುಂದಿನ ವಾರ ಅರ್ಧ ಜನ. ಆಮೇಲೆ ಆರು. ಆರು ಜನ ಆ ಮಿಲ್ಲಿನಲ್ಲಿ ಯುದ್ಧ ಮಾಡಿದರೆ ಕಳೆದುಹೋದ ಮೇಕೆ ಹುಡುಕಲು ಬಂದವರಂತೆ ಕಾಣುತ್ತಾರೆ.

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಆಗ ಚರ್ಚೆ ಶುರುವಾಯಿತು: ಏರ್‌ಸಾಫ್ಟ್ ಯಾಕೆ ಕಡಿಮೆಯಾಗುತ್ತಿದೆ? ಯಾರೋ ಇಂಟರ್‌ನೆಟ್ಟಿನಿಂದ ಒಂದು ಪೋಸ್ಟು ತಂದು ಹಾಕಿದರು, ಹೊರದೇಶದಲ್ಲೂ ಇದೇ ಗೋಳಂತೆ. ಸರಿ, ಐದೂರಿನ ವಿಜ್ಞಾನಿಗಳು ಎದ್ದು ಕೂತರು. ಕೂಡ್ಲಿಗಿ ಪ್ರಕಾರ ಮೊಬೈಲ್ ಗೇಮ್ ಕಾರಣ, ಹಾಸಿಗೆಯಲ್ಲೇ ಮಲಗಿ ನೂರು ಜನರನ್ನು ಹೊಡೆಯಬಹುದಾದರೆ ಬಿಸಿಲಿಗೆ ಯಾರು ಬರುತ್ತಾರೆ. ಹಡಗಲಿ ಪ್ರಕಾರ ನೀರಿನಲ್ಲಿ ನೆನೆಸಿ ಹೊಡೆಯುವ ಬಣ್ಣದ ಜೆಲ್ ಗುಂಡಿನ ಆಟಿಕೆ ಬಂದು ಹಾಳಾಯಿತು. ಹರಪನಹಳ್ಳಿ ಪ್ರಕಾರ ಶಿಸ್ತು ಇಲ್ಲ. (ಪಿ.ಟಿ. ಮೇಷ್ಟ್ರು ಯಾವುದಕ್ಕೂ ಇದೊಂದೇ ಕಾರಣ ಹೇಳುವುದು. ಮಳೆ ಬರದಿದ್ದರೂ ಮೋಡಕ್ಕೆ ಶಿಸ್ತಿಲ್ಲ ಅಂತಾರೆ.) ಹಗರಿಬೊಮ್ಮನಹಳ್ಳಿ ಪ್ರಕಾರ ಕ್ರಿಕೆಟ್ಟು.

ಕೊಟ್ಟೂರು ಏನೂ ಬರೆಯಲಿಲ್ಲ. ಮೆಸೇಜ್ ಓದಿದ ನೀಲಿ ಗುರುತು ಮಾತ್ರ ಬರುತ್ತಿತ್ತು.

ಇನ್ನು ನಾನು ಸುಮ್ಮನಿರುತ್ತೇನೆಯೇ? ಅಂಕಣಕಾರ! ಮೂರು ವಾರದ ಹಿಂದೆ ಇಲ್ಲೇ ಬರೆದೆನಲ್ಲ, ‘ಮೊಬೈಲು ತಿಂದ ಆಟಗಳು’ ಅಂತ. ನೀವೂ ಓದಿದಿರಿ. ‘ಸತ್ಯ ಬರೆದಿದ್ದೀರಿ’ ಎಂದು ಎಷ್ಟು ಜನ ಮೆಸೇಜ್ ಹಾಕಿದಿರಿ, ಎಲ್ಲರೂ ಮೊಬೈಲಿನಿಂದಲೇ. ಸಂಪಾದಕರು ಫೋನ್ ಮಾಡಿ ‘ಪರಸು, ಈ ಸಲ ತೂಕ ಇದೆ’ ಎಂದರು. ತೂಕ ಇತ್ತು, ನಿಜ. ಅದು ನನ್ನ ಹೊಟ್ಟೆಯೊಳಗಿನ ಕಲ್ಲಿನದ್ದು ಅಂತ ಅವರಿಗೇನು ಗೊತ್ತು.

ಕಳೆದ ಭಾನುವಾರಕ್ಕಿಂತ ಹಿಂದಿನ ಭಾನುವಾರ. ಬಂದವರು ನಾಲ್ಕೇ ಜನ, ಆಟ ಆಗಲಿಲ್ಲ. ನಾನು ಕಟ್ಟೆಯ ಮೇಲೆ ಮಂಡಕ್ಕಿ ಮೆಲ್ಲುತ್ತಾ ಕೂತಿದ್ದೆ. ಹುಲಿಗೆವ್ವ ಒಳಗಿನ ತೊಟ್ಟಿಯಿಂದ ನೀರು ತುಂಬಿಕೊಂಡು ಬಂದರು. ಕಣ್ಣಿಗೆ ವೆಲ್ಡಿಂಗ್ ಕನ್ನಡಕ. ಕನ್ನಡಕವಿಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ ಅನ್ನೋ ರೂಲ್ ಅವರಿಗೂ ಕೊಟ್ರೇಶಣ್ಣನೇ ಹಾಕಿದ್ದು, ಕನ್ನಡಕ ತಂದುಕೊಟ್ಟದ್ದೂ ಅವರೇ. ಆಟ ಇಲ್ಲದ ದಿನವೂ ಅದನ್ನು ಹಾಕಿಕೊಂಡೇ ಹೋಗುತ್ತಾರೆ.

ಕೊಡ ಇಳಿಸಿ ನನ್ನ ಪಕ್ಕ ಕೂತರು.

‘ಏ ಪರಸ್ಯಾ, ಅವತ್ತು ಆ ಡ್ರಮ್ಮಿನ ಹಿಂದ ನಿಂತು ಕೊಟ್ರೇಶಪ್ಪನ್ಹಂಗ ಎಷ್ಟು ಚಂದ ಕೂಗಿದ್ಯಲ್ಲೋ!’

ಮಂಡಕ್ಕಿಯ ಪೊಟ್ಟಣ ಪಕ್ಕಕ್ಕಿಟ್ಟೆ.

‘ನೀ... ನೀ ನೋಡ್ದಿಯೇನಬೇ?’

‘ನೋಡ್ಲಾರ್ದೇನು, ನೀರಿಗಿ ಹೋಗಿದ್ನೆಲ್ಲ. ಥೇಟ್ ಅವನಾ. ಇನ್ನೊಮ್ಮಿ ಕೂಗೋ. ಅವನಂತೂ ಬರವಲ್ಲ, ದನಿನಾರ ಕೇಳೂಣು.’

ಬಾಣಲೆಯ ಮುಂದೆ ಕೂತಿದ್ದ ಅವರಿಗೆ ಅವತ್ತಿನ ಜಗಳದ ತಲೆಬುಡ ತಿಳಿದಿರಲಿಲ್ಲ, ನಾನು ಮಾಡಿದ್ದು ತಪ್ಪು ಅಂತಲೂ ಗೊತ್ತಿಲ್ಲ. ಅದೂ ಆಟದ ಒಂದು ಭಾಗ ಅಂದುಕೊಂಡಿದ್ದಾರೆ. ಬೈದಿದ್ದರೆ ಜೋಕು ಮಾಡಿ ಜಾರಿಕೊಳ್ಳುತ್ತಿದ್ದೆ. ಬೈಗುಳಕ್ಕೆ ನನ್ನ ಹತ್ತಿರ ಮದ್ದಿದೆ. ಹೀಗೆ ಕೇಳಿದರೆ ಏನು ಮಾಡುವುದು? ಗಂಟಲು ಕೆರೆದೆ. ಎಮ್ಮೆ ಹೊಳೆಗೆ ಇಳಿಯಲೇ ಇಲ್ಲ.

‘ಇವತ್ತು ನಿನ್ನ ಗಂಟ್ಲ ಕೆಟ್ಟೈತಿ ಬಿಡು’ ಎಂದು ಕೊಡ ಎತ್ತಿಕೊಂಡು ಹೋದರು.

ಸೋಮವಾರ ಕೊಟ್ರೇಶಣ್ಣನ ಅಂಗಡಿಗೆ ಹೋದೆ. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ, ಚೆನ್ನಾಗಿದ್ದ ಬಂದೂಕಿನ ಒಂದು ವೈರು ನಾನೇ ಕಿತ್ತುಕೊಂಡು ‘ಕೆಟ್ಟೈತಿ ಅಣ್ಣಾ’ ಎಂದು ಚೀಲದಿಂದ ತೆಗೆದೆ. ಅವರು ಒಂದು ನೋಟ ನೋಡಿ, ಬೆಸುಗೆ ಹಾಕಿ, ಹಿಂದಕ್ಕೆ ಕೊಟ್ಟರು.

‘ಕೆಟ್ಟಿಲ್ಲ. ಯಾರೋ ಕಿತ್ಯಾರ.’

ಅಂಗಡಿ ತುಂಬ ತಾಮ್ರದ ತಂತಿ, ವಾರ್ನಿಷ್ ವಾಸನೆ. ಮೂಲೆಯಲ್ಲಿ ಸುಟ್ಟ ಮೋಟರುಗಳು ಸಾಲಾಗಿ ಕೂತಿದ್ದವು. ಚಿಗಟೇರಿ ಕಡೆಯ ಒಬ್ಬ ರೈತರು ತಮ್ಮ ಮೋಟರು ಬಿಟ್ಟು ಹೋಗಲು ಬಂದಿದ್ದರು. ಕೊಟ್ರೇಶಣ್ಣ ಬಿಚ್ಚಿ ನೋಡಿ ‘ವೈಂಡಿಂಗ್ ಸುಟ್ಟಿಲ್ರೀ, ಬೇರಿಂಗ್ ಅಷ್ಟ ಹೋಗೈತಿ’ ಎಂದರು. ರೈತರು ‘ಆತು’ ಎಂದು ಎದ್ದು ಹೋದರು. ಒಳಗೆ ಇಣುಕಿ ಕೂಡ ನೋಡಲಿಲ್ಲ. ಸುಟ್ಟಿದೆ ಎಂದಿದ್ದರೂ ಹಾಗೆಯೇ ಎದ್ದು ಹೋಗುತ್ತಿದ್ದರು. ಮೋಟರಿನ ಹೊಟ್ಟೆಯೊಳಗಿನದ್ದು ಯಾರಿಗೆ ಕಾಣುತ್ತದೆ? ಈ ಮನುಷ್ಯ ಹೇಳಿದ್ದೇ ಸಾಕ್ಷಿ.

‘ಹಡಗಲಿ ಕಡೆ ಮೋಟರು ಈಗ ಬರವಲ್ವು’ ಎಂದರು ಕೊಟ್ರೇಶಣ್ಣ, ನನ್ನ ಕಡೆ ನೋಡದೆ. ‘ರೇಣುಕಾನ ಕಡ್ಯಾರೆಲ್ಲ ನನ್ನಲ್ಲೇ ತರ್ತಿದ್ರು. ಇರ್ಲಿ, ಬಸ್ಸಿಂದು ಏನ್ ತೊಂದ್ರಿನೋ.’

ನಾನು ತಂತಿಯ ಉಂಡೆಯೊಂದನ್ನು ಎತ್ತಿ ಇಟ್ಟೆ. ಮತ್ತೆ ಎತ್ತಿದೆ.

‘ನೀ ಬರ್ದಿದ್ದು ಓದಿದ್ನೆಪಾ’ ಎಂದರು. ನೋಡಿದರೆ ಗೋಡೆಗೆ, ಕ್ಯಾಲೆಂಡರಿನ ಪಕ್ಕ, ನನ್ನದೇ ಅಂಕಣ ಕತ್ತರಿಸಿ ಅಂಟಿಸಿದ್ದಾರೆ. ಮೊಬೈಲು ತಿಂದ ಆಟಗಳು. ಪಕ್ಕದಲ್ಲಿ ಹಲ್ಲು ಕಿರಿದ ನನ್ನ ಫೋಟೋ.

‘ನನ್ನಿಂದನ ಆಟ ಕೆಡ್ತು ಅಂತ ತಲ್ಯಾಗ ಕುಂತಿತ್ತು. ಮೊಬೈಲಿಂದ ಅಂತ ಬರ್ದೀಯಲ್ಲ, ಓದಿ ಒಂದೀಟು ಹಗುರಾತು. ನೀವೆಲ್ಲ ಓದ್ದವ್ರು, ವಿಚಾರ ಮಾಡೇ ಬರ್ದಿರ್ತೀರಿ.’

ಓದುಗರೇ, ಬರೆಯುವವನಿಗೆ ಇಂಥ ಹೊಗಳಿಕೆ ಯಾವ ಶತ್ರುವಿಗೂ ಬೇಡ.

ಅವರು ಮುಂದುವರಿಸಿದರು. ‘ಒಂದೊಂದು ಸಲ ಅನಸ್ತೈತಿ ಪರಸು, ನಾನ ಕೂಗಿದ್ನೇನೋ ಅಂತ. ರೂಢಿ ಬಾಯಿ ನೋಡು. ಹನ್ನೊಂದು ಮಂದಿ ಸುಳ್ಳು ಹೇಳ್ತಾರೇನು? ನಂಗ ಖಬರಿಲ್ದ ಬಾಯಾಗ ಬಂದಿರ್ಬೇಕು.’

ನನ್ನ ಗಂಟಲಲ್ಲಿ ಐದೂರಿನ ದನಿಗಳಿವೆ ಎಂದು ಮೇಲೆ ಜಂಬ ಕೊಚ್ಚಿದೆನಲ್ಲ. ಆ ಹೊತ್ತಿಗೆ ಒಂದೂ ಬರಲಿಲ್ಲ. ಕಂಡಕ್ಟರೂ ಇಲ್ಲ, ಸಪ್ಲೈಯರೂ ಇಲ್ಲ. ಬಂದದ್ದು ಹತ್ತನೇ ಕ್ಲಾಸಿನಲ್ಲಿ ಒಡೆದ ಮೇಲೆ ನಾನು ಯಾವತ್ತೂ ಸರಿಯಾಗಿ ಬಳಸದ ನನ್ನದೇ ಬಡಕಲು ದನಿ.

‘ಅಣ್ಣಾ, ನೀವು ಕೂಗಿಲ್ಲ. ನಾನು ಕೂಗಿದ್ದು.’

ಬೆಸುಗೆಯ ಕಡ್ಡಿ ಸ್ಟ್ಯಾಂಡಿಗೆ ಇಟ್ಟರು. ಹೊರಗೆ ಒಂದು ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು, ಅದು ಮೂಲೆ ತಿರುಗುವವರೆಗೂ ಹಾಡು ಕೇಳುತ್ತಿತ್ತು.

‘ಕೂಗು’ ಎಂದರು.

‘ಅಣ್ಣಾ...’

‘ಕೂಗಲೇ. ಕೇಳೂಣು.’

ಕೂಗಿದೆ. ಮೆಲ್ಲಗೆ. ಹ್ಞೂಂ... ಬಡೀ...ತ್ರೀ.

ಕೊಟ್ರೇಶಣ್ಣ ಕಣ್ಣು ಮುಚ್ಚಿ ಕೇಳಿದರು. ಸುಟ್ಟ ಮೋಟರನ್ನು ಅಲುಗಾಡಿಸಿ ಕೇಳುವ ಹಾಗೆ. ಆಮೇಲೆ ಉಸಿರು ಬಿಟ್ಟರು, ನಾಲ್ಕೈದು ವಾರದಿಂದ ಹಿಡಿದಿಟ್ಟಿದ್ದ ಉಸಿರು ಅನ್ನಿಸಿತು ನನಗೆ.

‘ಅಂದ್ರ ನನ್ನ ತಲಿ ಸರಿ ಐತಿ.’

‘ಐತಿ ಅಣ್ಣಾ.’

‘ನಿಂದು ಸರಿ ಇಲ್ಲ.’

‘ಇಲ್ಲಣ್ಣಾ.’

‘ಇಷ್ಟು ಎಳೀತೀನೇನು ನಾನು?’

‘ಇನ್ನೂ ಜಾಸ್ತಿ ಎಳೀತೀರಿ. ನಾನು ಟೈಮ್ ಇಲ್ದಕ್ಕ ಕಟ್ ಮಾಡೀನಿ.’

ತುಟಿಯ ತುದಿ ಅಲುಗಿತು. ನಕ್ಕರು ಎಂದು ನಾನು ಬರೆಯುವುದಿಲ್ಲ, ಈ ಅಂಕಣದಲ್ಲಿ ಇನ್ನೊಂದು ಸುಳ್ಳು ಬೇಡ. ಮರುಕ್ಷಣವೇ ಮುಖ ಬಿಗಿಯಾಯಿತು.

‘ನನ್ನ ಮುಂದ ಹೇಳಿದ್ರ ಏನ್ ಬಂತು? ನಂಗ ನಾ ಸುಳ್ಳ ಅಲ್ಲ ಅಂತ ಈಗ ಗೊತ್ತಾತು. ಕಟ್ಟಿ ಮ್ಯಾಲೆ ಕುಂತೋರಿಗೆ? ಆಟದಾಗ ಬಡಿದ್ರ ನಾವು ಪಕ್ಕದಾಗಿದ್ದವ್ನ ಕಿವ್ಯಾಗ ಹೇಳ್ತೀವೇನು?’

ಕೂಗಿ ಹೇಳುತ್ತೇವೆ. ಎಲ್ಲರಿಗೂ ಕೇಳುವಂತೆ. ಕೈ ಮೇಲೆತ್ತಿ.

ಆ ರಾತ್ರಿಯೇ ಗ್ರೂಪಿನಲ್ಲಿ ಬರೆದೆ: ‘ಭಾನುವಾರ ಎಲ್ಲರೂ ಬರ್ರಿ. ಆಟ ಯಾಕ ಕೆಡ್ತು ಅಂತ ನನಗ ಗೊತ್ತಾಗೈತಿ.’ ರಫೀಕ್ ಮೇಷ್ಟ್ರು ‘ಶಿಸ್ತು’ ಎಂದು ಒಂದೇ ಪದ ಹಾಕಿದರು. ಮೊದಲ ಸಲ ಅವರು ಸರಿ ಇದ್ದರು.

ಮೊನ್ನೆ ಭಾನುವಾರ ಹದಿನಾಲ್ಕು ಜನ ಬಂದರು. ಕುತೂಹಲ ಅಂದರೆ ನಮ್ಮ ಮಂದಿಗೆ ಬಿಸಿಲೂ ಲೆಕ್ಕವಿಲ್ಲ, ಮೊಬೈಲೂ ಲೆಕ್ಕವಿಲ್ಲ. ಕೊಟ್ರೇಶಣ್ಣ ಬರಲಿಲ್ಲ. ನಾನು ಬೇವಿನ ಕಟ್ಟೆ ಹತ್ತಿ, ಎರಡೂ ಕೈ ಮೇಲೆತ್ತಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜೋಕಿಲ್ಲದೆ. ಸ್ಟೇಜ್ ಮೇಲೆ ನಾನು ಇಷ್ಟು ಕೆಟ್ಟದಾಗಿ ಯಾವತ್ತೂ ಪರ್ಫಾರ್ಮ್ ಮಾಡಿರಲಿಲ್ಲ.

ಮೊದಲು ಎದ್ದದ್ದು ರೇಣುಕಾ. ಕಪಾಳಕ್ಕೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅವರು ಫೋನ್ ತೆಗೆದು ಗೇಟಿನ ಕಡೆ ಹೋದರು. ‘ಅಣ್ಣಾ, ನಾನು ರೇಣುಕಾ...’ ಅನ್ನುವವರೆಗೆ ಕೇಳಿತು, ಆಮೇಲಿನದ್ದು ಕೇಳಲಿಲ್ಲ. ವಾಪಸ್ ಬಂದವರು ನನಗೆ ಹೇಳಿದ್ದಿಷ್ಟೇ: ‘ಹಡಗಲಿ ಆಸ್ಪತ್ರಿಗಿ ಎಂದಾರ ಇಂಜೆಕ್ಷನ್‌ಗೆ ಬರ್ತೀಯಲ್ಲ, ಬಾ.’

ಹುಲಿಗೆವ್ವನಿಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಜಾಲರಿ ಸೌಟು ಹಿಡಿದುಕೊಂಡೇ ಬಂದರು. ‘ಅದು ಆಟ ಅಲ್ಲೇನೋ ಮೂಳಾ? ನಾ ಇನ್ನೊಮ್ಮಿ ಕೂಗು ಅಂದ್ನಲ್ಲೋ ನಿನಗ! ನನ್ನನ್ನೂ ಪಾಪದಾಗ ಸೇರಿಸಿದ್ಯಲ್ಲೋ!’ ಆರು ತಿಂಗಳು ನನಗೆ ಬಿಸಿ ಮಿರ್ಚಿ ಬಂದ್, ಎಷ್ಟೇ ಬೇಗ ಸತ್ತರೂ ತಣ್ಣಗಿನದ್ದೇ ಎಂದು ತೀರ್ಪು ಕೊಟ್ಟರು. ರಫೀಕ್ ಮೇಷ್ಟ್ರು ಸೀಟಿ ಊದಿದರು. ಕಪ್ಪೆಯ ಕುಪ್ಪಳಿಕೆ ಶುರುವಾಯಿತು. ಕಣದ ಸುತ್ತ ಮೂರು ಸುತ್ತು, ಅದೇ ಹೊಸ ಕ್ಯಾಮೊ ಪ್ಯಾಂಟಿನಲ್ಲಿ. ಎರಡನೇ ಸುತ್ತಿಗೆ ಪ್ಯಾಂಟು ಹರಿಯಿತು. ಎಲ್ಲಿ ಎಂದು ಕೇಳಬೇಡಿ.

ಆಟ ಶುರುವಾಯಿತು. ನನಗೆ ಆ ದಿನ ಆಡುವ ಹಕ್ಕಿಲ್ಲ, ಕಟ್ಟೆಯ ಮೇಲೆ ಕೂತಿದ್ದೆ. ಮೊದಲ ಐದು ನಿಮಿಷ ಟಪ್ ಟಪ್ ಶಬ್ದ ಮಾತ್ರ. ಯಾರೂ ಸಾಯುತ್ತಿಲ್ಲ. ಮತ್ತೆ ಅದೇ ಕಥೆಯಾಯಿತಾ? ಹುಲಿಗೆವ್ವನ ಮೊದಲ ಒಬ್ಬೆ ಬಾಣಲೆಯಲ್ಲಿ ತೇಲುತ್ತಿತ್ತು. ನನಗೆ ನಿನ್ನೆಯ ತಣ್ಣನೆಯ ಮಿರ್ಚಿ ಎರಡು ಕೊಟ್ಟು ‘ತಿನ್ನು, ಬಾಯಿ ಮುಚ್ಚತೈತಿ’ ಎಂದಿದ್ದರು.

ಆಗ ಬಾಯ್ಲರ್ ಕೋಣೆಯ ಕಡೆಯಿಂದ ಬಂತು.

‘ಹ್ಞೂಂ... ಬಡೀ...ತ್ರೀ!’

ಹದಿನಾಲ್ಕು ತಲೆಗಳು ಗೋಡೆ, ಡ್ರಮ್ಮು, ಕಂಬಗಳ ಹಿಂದಿನಿಂದ ಎದ್ದು ಒಟ್ಟಿಗೆ ನನ್ನ ಕಡೆ ತಿರುಗಿದವು. ಮೇಷ್ಟ್ರು ಸೀಟಿ ಬಾಯಿಗಿಟ್ಟರು. ನಾನು ಎರಡೂ ಕೈ ಮೇಲೆತ್ತಿ, ಮಿರ್ಚಿ ತುಂಬಿದ ಬಾಯಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸುವಂತೆ ಅಗಲಿಸಿ ತೋರಿಸಿದೆ. ನಾನಲ್ಲ! ದೇವರಾಣೆ ನಾನಲ್ಲ!

ಬಾಯ್ಲರ್ ಕೋಣೆಯ ಬಾಗಿಲಿನಿಂದ ಕೊಟ್ರೇಶಣ್ಣ ಹೊರಗೆ ಬಂದರು. ಒಂದು ಕೈ ಮೇಲೆ. ಇನ್ನೊಂದು ಕೈಯಲ್ಲಿ ಬಂದೂಕು. ಹಿತ್ತಲ ಗೋಡೆ ಹಾರಿ ಯಾವಾಗ ಬಂದರೋ, ಯಾರ ತಂಡಕ್ಕೆ ಸೇರಿದರೋ, ಯಾರಿಗೂ ಗೊತ್ತಿಲ್ಲ. ‘ಗುರಿ ಚಲೋ ಐತಿ’ ಅನ್ನುವಂತೆ ಹೊಡೆದವರ ಕಡೆ ತಲೆ ಆಡಿಸುತ್ತಾ ನಿಧಾನಕ್ಕೆ ನಡೆದು ಬಂದು ಕಟ್ಟೆಯ ಮೇಲೆ, ನನ್ನಿಂದ ಎರಡು ಮೊಳ ದೂರದಲ್ಲಿ ಕೂತರು. ಹುಲಿಗೆವ್ವ ಮೊದಲ ಒಬ್ಬೆ ಪೂರ್ತಿ ಅವರ ಮುಂದೆ ಸುರಿದರು. ಅವರು ಒಂದು ಮುರಿದು ಊದಿ ತಿಂದರು. ನನ್ನ ಕ್ಷಮಿಸಿದರಾ? ಗೊತ್ತಿಲ್ಲ. ಸತ್ತವರು ಮಾತಾಡುವಂತಿಲ್ಲ, ಅವರು ರೂಲ್ ಮುರಿಯುವವರಲ್ಲ. ಒಂದು ಬಿಸಿ ಮಿರ್ಚಿಯನ್ನಂತೂ ನನ್ನ ಕಡೆ ಸರಿಸಲಿಲ್ಲ.

ಆದರೆ ಅವರು ಕೂತ ಮರುನಿಮಿಷದಿಂದ ಮಿಲ್ಲಿನೊಳಗೆ ಶುರುವಾಯಿತು ನೋಡಿ. ಬಡೀತು! ಬಡೀತು! ಮತ್ತೊಂದು ಮೂಲೆಯಿಂದ ಬಡೀತು! ಕೂಡ್ಲಿಗಿಯ ಮಹಾಶಯನೂ ಕೈ ಎತ್ತಿಕೊಂಡು ಬಂದ. ಅರ್ಧ ಗಂಟೆಯಲ್ಲಿ ಕಟ್ಟೆ ಹೌಸ್‌ಫುಲ್.

ಆದ್ದರಿಂದ ಮೂರು ವಾರದ ಹಿಂದಿನ ನನ್ನ ಅಂಕಣವನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮೊಬೈಲಿನ ಕ್ಷಮೆ ಕೇಳುತ್ತೇನೆ, ಪಾಪ, ಅದರ ಮೇಲೆ ಬೇರೆ ಬೇಕಾದಷ್ಟು ಕೇಸುಗಳಿವೆ. ಕೊಟ್ರೇಶಣ್ಣನ ಗೋಡೆಯ ಮೇಲೆ ಆ ಹಳೆಯದರ ಜಾಗದಲ್ಲಿ ಇದನ್ನು ಅಂಟಿಸಬೇಕೆಂದು ಕೋರಿಕೆ. ಹಡಗಲಿ ಕಡೆಯ ಓದುಗರು ಸುಟ್ಟ ಮೋಟರು ಎಲ್ಲಿಗೆ ತೆಗೆದುಕೊಂಡು ಹೋಗಬೇಕೆಂದು ಬಿಡಿಸಿ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

ಕೂಡ್ಲಿಗಿಯ ಓದುಗರೇ, ನಿಮ್ಮ ಪ್ರಶ್ನೆಗೆ ಉತ್ತರ: ಆಟ ಕಡಿಮೆಯಾಗಿತ್ತು, ಹೌದು, ಕಾರಣದ ಫೋಟೋ ಈ ಅಂಕಣದ ನೆತ್ತಿಯ ಮೇಲೆ ವಾರವಾರವೂ ಹಲ್ಲು ಕಿರಿಯುತ್ತಿತ್ತು.

ನಿಮ್ಮೂರಲ್ಲಿ ನಿಂತುಹೋದ ಆಟದ ಕಾರಣ ಎಲ್ಲಿ ಕೂತು ಮಿರ್ಚಿ ತಿನ್ನುತ್ತಿದೆ?